ಕನ್ನಡದಲ್ಲಿ ಗೀತಾಪಠನವೂ ತತ್ಸಮಶಬ್ದಗಳ ತೊಡಕೂ

ಸಂಸ್ಕೃತವನ್ನರಿಯದವರು ಉಪನಿಷತ್ತು, ಭಗವದ್ಗೀತೆ ಮೊದಲಾದ ಪ್ರಾಚೀನಗ್ರಂಥಗಳನ್ನು ಭಾಷಾಂತರದ ಮೂಲಕವೇ ಓದಿ ಅವುಗಳ ತತ್ತ್ವವನ್ನು ಮನಸ್ಸಿಗೆ ತಂದುಕೊಳ್ಳಬಹುದೇ ಎಂಬ ಪ್ರಶ್ನೆಯು ಹೊಸದಲ್ಲ. ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಅದಕ್ಕೆ ಹೇಳುತ್ತ ಬಂದಿರುವ ಉತ್ತರವೂ ಹೊಸದಲ್ಲ. ಮೂಲವನ್ನು ಗುರುಮುಖದಿಂದ ಕೇಳಿದವನಿಗಲ್ಲದೆ ಅದರ ಹೃದಯವು ತೆರೆಯದೆಂಬುದೇ ಆ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮೂಲವನ್ನೇ ಓದಿರಿ ಎಂಬ ಮಾತು ನಮ್ಮ ದೇಶದ ಬಹುಜನರ ಪಾಲಿಗೆ ಓದಲೇಬೇಡಿರಿ ಎಂಬ ಮಾತಾಗಿಯೇ ಬಹುಕಾಲ ನಡೆದುಬಂದಿತೆಂಬುದನ್ನು ಮರೆಯಲಾಗದು. ದಾರಾಷುಕೋನು 1657ರಲ್ಲಿ ಪಾರಸಿಗೆ ತರಿಸಿದ ಉಪನಿಷತ್ತುಗಳು, ಆ ಪಾರಸಿಯಿಂದ ಆಂಕ್ವೆಟಿಲ್ ದುಪೆರೋನನ ಕೈಯಲ್ಲಿ 1801-02ರಲ್ಲಿ ಲ್ಯಾಟಿನ್ನಿಗೆ ಬಂದು, ಷೋಪೆನ್‌ಹಾವರನಂಥ ಜರ್ಮನ್ ತತ್ತ್ವಜ್ಞನ ಬಾಳಿಗೆ ಸಮಾಧಾನವನ್ನು ತಂದುಕೊಟ್ಟುವು. ಭಾಷಾಂತರದ ಭಾಷಾಂತರಕ್ಕೇ ಇಷ್ಟು ಶಕ್ತಿಯಿದ್ದಲ್ಲಿ, ಸಂಸ್ಕೃತದ ನೆರೆಯಲ್ಲಿಯೇ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿರುವ ಕನ್ನಡದಲ್ಲಿ ಆ ಗ್ರಂಥಗಳನ್ನು ಓದುವವನಿಗೆ ಕಷ್ಟವೇನಿದ್ದೀತು ಎಂದು ತೋರುವುದು ಸಹಜ. ಕಷ್ಟವಿದೆ, ಅದು ಆ ನೆರೆಯಿಂದಲೇ ಹುಟ್ಟಿದುದು. ಈ ಲೇಖನದ ವಿಷಯವು ಅದೇ.

ಅದು ನನ್ನ ಕಣ್ಣಿಗೆ ಬಿದ್ದ ಬಗೆಯನ್ನು ಮೊದಲು ಹೇಳಬೇಕು. ಗುಬ್ಬಿಯಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ವಾರಕ್ಕೊಂದು ಸಂಜೆ ಕೆಲವರು ಕೂಡಿ ಕನ್ನಡ ಗೀತೆಯನ್ನು ಓದುವರು. ತೆಂಗು ಅಡಕೆಗಳ ತೋಟವುಳ್ಳವರು, ಮಂಡಿಯ ವ್ಯಾಪಾರಿಗಳು, ನಿವೃತ್ತರಾದ ಇಬ್ಬರು ಉಪಾಧ್ಯಾಯರು, ಹೀಗೆ ಹತ್ತು ಹನ್ನೆರಡು ಮಂದಿ. ಸಂಶಯ ಬಂದಾಗ ಕೇಳುವುದಕ್ಕೆಂದು ನನ್ನನ್ನು ಕರೆದು ಕೂರಿಸಿಕೊಳ್ಳುವರು. ಅವರ ಕೈಯಲ್ಲಿದ್ದುದು ಮೂಲವಿಲ್ಲದ, ಬರಿಯ ತಾತ್ಪರ್ಯವುಳ್ಳ ಒಂದು ಸಣ್ಣ ಪುಸ್ತಕ. ಹತ್ತನೆಯ ಅಧ್ಯಾಯವನ್ನು ಓದುತ್ತಿದ್ದ ದಿನ, 36ನೆಯ ಶ್ಲೋಕದ ತಾತ್ಪರ್ಯಕ್ಕೆ ಬಂದಾಗ, ವಯಸ್ಸಾದ ಗೌಡರೊಬ್ಬರು ಓದುವವರನ್ನು ತಡೆದು ಇನ್ನೊಂದು ಸಲ ಓದಿಸಿದರು. ಭಗವಂತನು ತನ್ನ ವಿಭೂತಿಗಳನ್ನು ಎಣಿಸುತ್ತ ಜಯದ ಪಕ್ಕದಲ್ಲಿ ವ್ಯವಸಾಯವೂ ತಾನೇ ಎಂದಿರುವ ಸ್ಥಳವದು. ಗೌಡರ ಕೊಳವೆಬಾವಿಗಳು ಬತ್ತಿ ತೆಂಗಿನ ಗಿಡಗಳು ಸುಳಿಯೊಣಗಿದ ವರ್ಷವದು. ಅವರು ಕಣ್ಣೊರಸಿಕೊಂಡು, "ನಲವತ್ತು ವರ್ಷ ಮಣ್ಣಲ್ಲೇ ಹೊರಳಾಡಿದೆ ಸ್ವಾಮಿ, ಭಗವಂತ ಆ ಮಣ್ಣಲ್ಲೇ ಇದ್ದ ಅಂತ ಇವತ್ತು ತಿಳೀತು" ಎಂದರು. ನಾನು ಪಂಡಿತನ ಅಭ್ಯಾಸಬಲದಿಂದ, "ಗೌಡರೇ, ಅಲ್ಲಿ ವ್ಯವಸಾಯವೆಂದರೆ ಬೇಸಾಯವಲ್ಲ, ದೃಢವಾದ ನಿಶ್ಚಯ, ಬಿಡದ ಪ್ರಯತ್ನ" ಎಂದು ತಿದ್ದಿದೆನು. ಅವರು "ಹಂಗೋ" ಎಂದು ಸುಮ್ಮನಾದರು. ಓದು ಮುಂದೆ ಸಾಗಿತು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ; ತಿದ್ದಿದುದು ಶಾಸ್ತ್ರತಃ ಸರಿ, ಆದರೆ ತಪ್ಪು ಗೌಡರದಾಗಿರಲಿಲ್ಲ.

ತಪ್ಪು ಯಾರದು? ಭಾಷಾಂತರಕಾರನು ಮೂಲದ ಶಬ್ದವನ್ನೇ ಇರಿಸಿದನು. ಅದನ್ನು ನಿಷ್ಠೆಯೆಂದೇ ಎಣಿಸಿದನು. ಓದುಗನು ತನ್ನ ತಾಯ್ನುಡಿಯ ಶಬ್ದವನ್ನೇ ಓದಿದನು. ಅದು ಅವನಿಗೆ ಸ್ವಭಾವ. ಶಬ್ದದ ರೂಪವೊಂದೇ, ಅರ್ಥವೆರಡು. ಸಂಸ್ಕೃತದಲ್ಲಿ ನಿಶ್ಚಯ, ಪ್ರಯತ್ನ ಎಂಬರ್ಥದ ವ್ಯವಸಾಯಶಬ್ದವು ದೇಶಭಾಷೆಗಳಿಗೆ ಬಂದು ವೃತ್ತಿಯೆಂಬ ಅರ್ಥವನ್ನು ತಾಳಿತು. ಕನ್ನಡ ತೆಲುಗು ತಮಿಳುಗಳಲ್ಲಿ ವೃತ್ತಿಗಳಲ್ಲೆಲ್ಲ ಮೊದಲನೆಯದಾದ ಆರಂಭಕ್ಕೇ ಹೆಸರಾಗಿ ನಿಂತಿತು. ನಮ್ಮ ಬೇಸಾಯವೆಂಬ ಮಾತೂ ಅದರ ತದ್ಭವವೆಂದು ಕೋಶಕಾರರು ಹೇಳುವರು. ಮರಾಠಿಯಲ್ಲಿಯಾದರೋ ಅದೇ ಶಬ್ದಕ್ಕೆ ಉದ್ಯಮ, ವ್ಯಾಪಾರ ಎಂಬರ್ಥವು ರೂಢವಾಗಿದೆ. ಅಂದು ಓದುತ್ತಿದ್ದುದು ಮರಾಠಿಯ ಪುಸ್ತಕವಾಗಿದ್ದಿದ್ದರೆ ಗೌಡರ ಬದಲು ಮಂಡಿಯ ಸಾಹುಕಾರರು ಕಣ್ಣೊರಸಿಕೊಳ್ಳುತ್ತಿದ್ದರೇನೋ!

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಮಸಂಸ್ಕೃತವನ್ನೂ ತದ್ಭವವನ್ನೂ ವಿವೇಚಿಸಿರುವನು. ಆದರೆ ವೈಯಾಕರಣನಾದ ಅವನ ಪ್ರಯತ್ನವು ಮುಖ್ಯವಾಗಿ ರೂಪವನ್ನು ಕುರಿತದ್ದು. ತದ್ಭವದಲ್ಲಿ ರೂಪವು ಬದಲಾಗುವುದರಿಂದ ಓದುಗನು ಎಚ್ಚರಗೊಳ್ಳುವನು. ತತ್ಸಮದಲ್ಲಿ ರೂಪವು ಹಾಗೆಯೇ ಉಳಿದು ಒಳಗಿನ ಅರ್ಥವು ಸರಿದುಹೋಗುವುದರಿಂದ ಎಚ್ಚರವು ಹುಟ್ಟುವುದಕ್ಕೆ ಅವಕಾಶವೇ ಇಲ್ಲ. ವಿಲ್ಕಿನ್ಸನು 1785ರಲ್ಲಿ ಇಂಗ್ಲಿಷಿಗೆ ತಂದ ಗೀತೆಯನ್ನು ಓದಿದ ಆಂಗ್ಲನಿಗೆ ಈ ಅಪಾಯವಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಯೋಗವೆಂದೋ ಬ್ರಹ್ಮವೆಂದೋ ಮೂಲಶಬ್ದವೇ ಕಂಡರೆ ಅದು ಪರದೇಶದ ಮಾತೆಂದು ಓದುಗನಿಗೆ ತಿಳಿಯುವುದು. ಅವನು ನಿಂತು ಕೇಳುವನು. ಗಾಂಧಿಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗೀತೆಯನ್ನು ಮೊದಲು ಓದಿದುದು ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಪದ್ಯಾನುವಾದದೊಡನೆಯೇ ಎಂಬುದು ಪ್ರಸಿದ್ಧ. ಕನ್ನಡಿಗನು ನಿಂತು ಕೇಳುವುದಿಲ್ಲ. ತನಗೆ ತಿಳಿದಿದೆಯೆಂದು ಅವನು ನಂಬಿರುವನು.

ಇಂಥ ಶಬ್ದಗಳು ಒಂದೆರಡಲ್ಲ. ಅನುಮಾನವೆಂಬುದು ಸಂಸ್ಕೃತದಲ್ಲಿ ಪ್ರಮಾಣಗಳಲ್ಲೊಂದು, ನಿಶ್ಚಯಜ್ಞಾನಕ್ಕೆ ಸಾಧನ. ಕನ್ನಡದಲ್ಲಿ ಅನುಮಾನವೆಂದರೆ ಸಂದೇಹ. ಹೀಗಿರುವಾಗ ಈಶ್ವರನು ಅನುಮಾನದಿಂದ ಸಿದ್ಧನು ಎಂದೊಬ್ಬನು ಬರೆದರೆ ಓದುಗನು ಏನು ತಿಳಿಯಬೇಕು? ಮಾಂಡೂಕ್ಯದ ವಿವರಣೆಗಳಲ್ಲಿ ಜಾಗ್ರತ್ತು, ಸ್ವಪ್ನ, ಸುಷುಪ್ತಿಗಳು ಅವಸ್ಥೆಗಳು. ನಮ್ಮ ಮನೆಗಳಲ್ಲಿ ಅವಸ್ಥೆಯೆಂದರೆ ಪಡಬಾರದ ಪಾಡು. ಸಾಧನಸಂಪತ್ತಿನಲ್ಲಿ ಎಣಿಸುವ ಸಮಾಧಾನವು ಚಿತ್ತವನ್ನು ಒಂದೆಡೆ ಚೆನ್ನಾಗಿ ಇರಿಸುವುದು. ಕನ್ನಡದಲ್ಲಿ ಅದು ದುಃಖಿತನಿಗೆ ಹೇಳುವ ನಾಲ್ಕು ಮಾತು. ಈ ಲೇಖನದ ಮೊದಲಿನಲ್ಲಿ ಷೋಪೆನ್‌ಹಾವರನ ವಿಷಯದಲ್ಲಿ ನಾನೇ ಆ ಮಾತನ್ನು ಕನ್ನಡದ ಅರ್ಥದಲ್ಲಿ ಬಳಸಿರುವೆನು. ವಾಚಕರು ಯಾರೂ ತಡವರಿಸಿರಲಾರರು. ಭೂತಶಬ್ದದ ಕಥೆ ಇನ್ನೂ ವಿಚಿತ್ರ. ಗೀತೆಯಲ್ಲಿ ಬಹುಸ್ಥಳಗಳಲ್ಲಿ ಅದಕ್ಕೆ ಪ್ರಾಣಿಗಳೆಂದರ್ಥ. 17ನೆಯ ಅಧ್ಯಾಯದ 4ನೆಯ ಶ್ಲೋಕದಲ್ಲಿ ತಾಮಸರು ಪೂಜಿಸುವ ಭೂತಗಣಗಳೂ ಬಂದಿವೆ. ಸರ್ವಭೂತಗಳಲ್ಲಿಯೂ ದಯೆಯಿರಬೇಕೆಂಬುದನ್ನು ಕೇಳಿ ನಕ್ಕ ಹುಡುಗರನ್ನು ನಾನು ಕಂಡಿರುವೆನು. ನಗುವ ತಪ್ಪು ಅಷ್ಟೇನೂ ಕೆಡುಕಲ್ಲ. ನಕ್ಕವನು ಒಡನೆಯೇ ಅರ್ಥವನ್ನು ಕೇಳುವನು.

ಕೆಡುಕಾದುದು ಗಂಭೀರವಾದ ತಪ್ಪು. ಸಂಸಾರಶಬ್ದವನ್ನು ತೆಗೆದುಕೊಳ್ಳಿರಿ. 12ನೆಯ ಅಧ್ಯಾಯದ 7ನೆಯ ಶ್ಲೋಕದಲ್ಲಿ ಭಗವಂತನು ಭಕ್ತರನ್ನು ಯಾವುದರಿಂದ ಎತ್ತುವೆನೆಂದು ಹೇಳಿರುವನೋ ಅದು ಹುಟ್ಟುಸಾವುಗಳ ಹರಿವು. ಕನ್ನಡದಲ್ಲಿ ಸಂಸಾರವೆಂದರೆ ಹೆಂಡತಿ ಮಕ್ಕಳು. ಸಂಸಾರಸಮೇತ ಬನ್ನಿ ಎಂದು ಮದುವೆಗೆ ಕರೆಯುವೆವು. ಸಂಸಾರದಿಂದ ಬಿಡುಗಡೆ ಎಂಬ ಮಾತನ್ನು ಮೂರು ನಾಲ್ಕು ಪುಸ್ತಕಗಳಲ್ಲಿ ಓದಿ, ಮನೆಯನ್ನು ಬಿಡುವುದೇ ಮೋಕ್ಷದ ಮೊದಲ ಹೆಜ್ಜೆಯೆಂದು ನಿಶ್ಚಯಿಸಿ, ಎರಡು ವರ್ಷ ಮನೆಯವರನ್ನು ಕಣ್ಣೆತ್ತಿಯೂ ನೋಡದೆ ಇದ್ದ ಸಜ್ಜನರೊಬ್ಬರನ್ನು ನಾನು ಬಲ್ಲೆನು. ಅವರು ಪ್ರಾಮಾಣಿಕರು, ಓದಿದುದನ್ನು ಆಚರಿಸಹೊರಟವರು. ಮನೆಯಾಕೆಯೊಮ್ಮೆ ನನ್ನೆದುರಿಗೆ, "ಆ ಪುಸ್ತಕದಲ್ಲಿ ನಮ್ಮನ್ನ ಬಿಡಿ ಅಂತಲೇ ಬರೆದಿದೆಯಾ ಸ್ವಾಮಿ?" ಎಂದು ಕೇಳಿದಳು. ಯುದ್ಧಭೂಮಿಯಲ್ಲಿ ಕರ್ತವ್ಯವನ್ನು ಬಿಡಹೊರಟವನನ್ನು ತಡೆದು ನಿಲ್ಲಿಸುವುದಕ್ಕೆಂದೇ ಹುಟ್ಟಿದ ಗ್ರಂಥವು, ಒಂದು ತತ್ಸಮದ ದೆಸೆಯಿಂದ, ಕರ್ತವ್ಯವನ್ನು ಬಿಡಿಸುವ ಗ್ರಂಥವಾಯಿತು. ಸಂಸ್ಕೃತದಲ್ಲಿಯೂ ಸಂನ್ಯಾಸಮಾರ್ಗವಿದೆ, ಗೃಹತ್ಯಾಗವಿದೆ, ಅದು ಬೇರೆ ಮಾತು. ಆ ಮಾರ್ಗವನ್ನು ಹಿಡಿಯುವವನು ಅಧಿಕಾರವನ್ನು ವಿಚಾರಿಸಿ ಹಿಡಿಯಬೇಕೇ ಹೊರತು ಶಬ್ದಭ್ರಾಂತಿಯಿಂದಲ್ಲ.

ಹಾಗಾದರೆ ನಮ್ಮ ಹಿರಿಯರಿಗೆ ಈ ತೊಡಕು ಏಕೆ ಬಾಧಿಸಲಿಲ್ಲ? ಅವರೂ ತತ್ಸಮಗಳನ್ನು ಹೇರಳವಾಗಿ ಬಳಸಿದರು. ಗುಬ್ಬಿಯವನೇ ಆದ ಮಲ್ಲಣಾರ್ಯನನ್ನು ನೋಡಿರಿ. ಹದಿನಾರನೆಯ ಶತಮಾನದ ಈ ಕವಿಯು ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಗ್ರಂಥರಚನೆ ಮಾಡಿದವನು. 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತವನ್ನೂ ಬರೆದನು. ಭಾವಚಿಂತಾರತ್ನವು ಪಂಚಾಕ್ಷರಿಯ ಮಹಿಮೆಯನ್ನು ಸತ್ಯೇಂದ್ರಚೋಳನ ಕಥೆಯಿಂದ ಹೇಳುವುದು. ಅದರ ಮೂಲವು ತಮಿಳಿನದೆಂಬುದು ಪ್ರಸಿದ್ಧ. ಮುಂದೆ ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ಅದೇ ಕಥೆಯನ್ನು ರಾಜಶೇಖರವಿಳಾಸವೆಂಬ ಚಂಪುವಾಗಿ ಮಾಡಿದನು. ತಮಿಳಿನಿಂದ ಷಟ್ಪದಿಗೆ, ಷಟ್ಪದಿಯಿಂದ ಚಂಪುವಿಗೆ ಬಂದ ಈ ಕಥೆಯನ್ನು ಕೇಳಿದವರು ಮೂಲವೆಲ್ಲಿ ಎಂದು ತವಕಿಸಿದಂತೆ ಕಾಣುವುದಿಲ್ಲ. ಪುನಃ ಹೇಳುವುದೇ ಅವರಿಗೆ ಒಂದು ಉಪಾಸನೆಯಾಗಿತ್ತು. ಕುಮಾರವ್ಯಾಸನೂ ಭೀಷ್ಮಪರ್ವದಲ್ಲಿ ಗೀತೋಪದೇಶವನ್ನು ಶ್ಲೋಕಕ್ಕೆ ಪದ್ಯವೆಂದು ತೂಗದೆ ಸಂಕ್ಷೇಪವಾಗಿ ತನ್ನ ಮಾತಿನಲ್ಲಿ ಹೇಳಿರುವನು.

ಮುಖ್ಯವಾದುದು ಇನ್ನೊಂದಿದೆ. ಈ ಕಾವ್ಯಗಳನ್ನು ಒಬ್ಬನೇ ಕುಳಿತು ಮೌನವಾಗಿ ಓದುವ ಪದ್ಧತಿಯು ಹಿಂದೆ ವಿರಳ. ಗಮಕಿಯು ರಾಗವಾಗಿ ವಾಚಿಸುವನು. ಪಕ್ಕದಲ್ಲಿ ವ್ಯಾಖ್ಯಾನಕಾರನು ಕುಳಿತು ಪದ್ಯಕ್ಕೆ ಪದ್ಯ ಬಿಡಿಸಿ ಹೇಳುವನು. ಎದುರಿಗೆ ಕುಳಿತವರ ಮುಖವನ್ನು ನೋಡಿಯೇ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ತಪ್ಪಾಗಿ ಅರ್ಥವಾಯಿತು ಎಂದು ಬಲ್ಲ ವ್ಯಾಖ್ಯಾನಕಾರನು ಸಂಸಾರವೆಂಬಲ್ಲಿ ನಿಂತು, "ಇದು ಮನೆಮಠದ ಮಾತಲ್ಲ" ಎಂದು ಹೇಳಿ ಮುಂದೆ ಸಾಗುವನು. ರಂಗಭೂಮಿಯಲ್ಲಿಯೂ ಹೀಗೆಯೇ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಿಂದ ಪೌರಾಣಿಕ ನಾಟಕಗಳ ರುಚಿಯುಳ್ಳ ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕವನ್ನು ರಾತ್ರಿಯೆಲ್ಲ ಆಡುವರು. ಅರ್ಜುನನು ಕುಸಿದು ಕುಳಿತುದನ್ನೂ ಕೃಷ್ಣನು ಎಬ್ಬಿಸಿದುದನ್ನೂ ಕಣ್ಣಾರೆ ಕಂಡವನಿಗೆ ಗೀತೆಯು ಎದ್ದು ನಿಲ್ಲಿಸುವ ಗ್ರಂಥವೆಂಬುದರಲ್ಲಿ ಸಂದೇಹ ಬಾರದು. ಅಚ್ಚಿನ ಪುಸ್ತಕವು ವ್ಯಾಖ್ಯಾನಕಾರನನ್ನು ಪಕ್ಕದಿಂದ ಎಬ್ಬಿಸಿ ಕಳುಹಿಸಿತು, ಅವನ ಕೆಲಸವನ್ನು ಮಾತ್ರ ಯಾರಿಗೂ ವಹಿಸಲಿಲ್ಲ.

ವಹಿಸಿಕೊಂಡವರು ಇಲ್ಲದೆಯೂ ಇಲ್ಲ. ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು 1920ರಲ್ಲಿ ಸ್ಥಾಪಿಸಿದ ವೈ. ಸುಬ್ಬರಾಯರು, ಮುಂದೆ ಸಚ್ಚಿದಾನಂದೇಂದ್ರಸರಸ್ವತೀ ಸ್ವಾಮಿಗಳಾಗಿ 1975ರವರೆಗೆ ಬಾಳಿದವರು, ಶಂಕರಭಾಷ್ಯಗಳನ್ನು ಮೂಲಸಹಿತವಾಗಿ ಕನ್ನಡದಲ್ಲಿ ಕೊಟ್ಟ ಉಪಕಾರವು ದೊಡ್ಡದು. ಅಲ್ಲಿ ಶಬ್ದಕ್ಕೆ ಭಾಷ್ಯವು ಕಾವಲಿದೆ. ತತ್ಸಮವು ಜಾರಿದರೂ ಬಹುದೂರ ಹೋಗದು. ಆದರೆ ಆ ಗ್ರಂಥಗಳು ಪರಿಭಾಷೆಯನ್ನು ಕಲಿಯಲು ಒಡಂಬಟ್ಟ ಮುಮುಕ್ಷುಗಳಿಗಾಗಿ ಇರುವುವು; ನಮ್ಮ ಗೌಡರು ಅವುಗಳ ಮೊದಲ ಪುಟದಲ್ಲಿಯೇ ಬಳಲುವರು. ಡಿ. ವಿ. ಗುಂಡಪ್ಪನವರ ಜೀವನಧರ್ಮಯೋಗವು (1966) ಬೇರೆ ದಾರಿ ಹಿಡಿಯಿತು. ಅದು ಕೇಳುಗರ ಮುಂದೆ ಆಡಿದ ಮಾತುಗಳಿಂದ ಬೆಳೆದ ಗ್ರಂಥವಾದುದರಿಂದ ವ್ಯಾಖ್ಯಾನಕಾರನು ಪುಟದ ಮೇಲೆಯೇ ಕುಳಿತಿರುವನು. ಪಂಡಿತರಲ್ಲಿ ಕೆಲವರು ಅದರಲ್ಲಿ ಸಿದ್ಧಾಂತದ ಬಿಗಿಯು ಸಾಲದೆನ್ನುವರು. ಇರಬಹುದು, ಆದರೆ ಶಬ್ದಭ್ರಾಂತಿಯಿಂದ ಓದುಗನನ್ನು ಕಾಪಾಡುವ ವಿಷಯದಲ್ಲಿ ಅದಕ್ಕೆ ಸಮನಾದ ಪುಸ್ತಕವು ಕನ್ನಡದಲ್ಲಿ ವಿರಳವೆಂದು ನನ್ನ ಅಭಿಪ್ರಾಯ. ಇವೆರಡರ ನಡುವೆ ಅಂಗಡಿಗಳಲ್ಲಿ ರಾಶಿಯಾಗಿ ಬಿದ್ದಿರುವ ತಾತ್ಪರ್ಯಮಾತ್ರದ ಪುಸ್ತಿಕೆಗಳನ್ನೇ ಬಹುಜನರು ಓದುವರು, ಮತ್ತು ಅವುಗಳಲ್ಲಿ ಬಹುಪಾಲಿನವು ಯಾವ ಭಾಷ್ಯವನ್ನು ಅನುಸರಿಸಿವೆಯೆಂಬುದನ್ನು ಮುಖಪುಟದಲ್ಲಾಗಲಿ ಒಳಗಾಗಲಿ ಹೇಳುವುದೇ ಇಲ್ಲ.

ಭಾಷ್ಯವನ್ನು ಹೇಳದಿರುವುದು ಸಣ್ಣ ಲೋಪವಲ್ಲ. ಗೀತೆಯ ಕೊನೆಯ ಅಧ್ಯಾಯದ 66ನೆಯ ಶ್ಲೋಕದಲ್ಲಿ ಎಲ್ಲ ಧರ್ಮಗಳನ್ನು ಬಿಡಬೇಕೆಂದಿರುವುದು ಎಲ್ಲರೂ ಬಲ್ಲ ವಿಷಯ. ಶಂಕರರ ಪ್ರಕಾರ ಅಲ್ಲಿ ಸರ್ವಕರ್ಮಸಂನ್ಯಾಸವು ವಿವಕ್ಷಿತ. ರಾಮಾನುಜರು ಕರ್ಮವನ್ನು ಮಾಡುತ್ತಲೇ ಫಲವನ್ನೂ ಕರ್ತೃತ್ವವನ್ನೂ ಬಿಡುವುದೆನ್ನುವರು. ಮಧ್ವರ ಪ್ರಕಾರವೂ ಧರ್ಮತ್ಯಾಗವೆಂದರೆ ಫಲತ್ಯಾಗವೇ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿನಲ್ಲಿ ಧರ್ಮಗಳನ್ನು ಬಿಡು ಎಂದಷ್ಟೇ ಕನ್ನಡಿಸಿ ಕೈತೊಳೆದುಕೊಳ್ಳುವ ಭಾಷಾಂತರಕಾರನು ಪಕ್ಷಪಾತವಿಲ್ಲದವನೆಂದು ತೋರಿಸಿಕೊಳ್ಳುವನು. ನಿಜವಾಗಿ ಅವನು ಓದುಗನನ್ನು ಕವಲುದಾರಿಯಲ್ಲಿ ನಿಲ್ಲಿಸಿ ಕವಲುಂಟೆಂಬುದನ್ನೇ ಮರೆಮಾಡಿರುವನು.

ತತ್ಸಮವನ್ನು ಬಿಟ್ಟು ಅಚ್ಚಗನ್ನಡದಲ್ಲಿ ಬರೆದರೆ ತೊಡಕು ಪರಿಹಾರವಾಗದೇ ಎಂದು ಕೇಳಬಹುದು. ಇದಕ್ಕೆ ನಮ್ಮಲ್ಲಿ ಭವ್ಯವಾದ ಪೂರ್ವೋದಾಹರಣೆಯಿದೆ. ಹನ್ನೆರಡನೆಯ ಶತಮಾನದ ಶರಣರು ಜ್ಞಾನಕ್ಕೆ ಅರಿವೆಂದರು, ಸ್ಥಿತಿಗೆ ಇರವು ನಿಲವುಗಳೆಂದರು; ಬಯಲು, ಬೆರಗು, ಕುರುಹು ಎಂಬ ಮನೆಮಾತುಗಳನ್ನು ಪರಮಾರ್ಥಕ್ಕೆ ಏರಿಸಿದರು. ಗುಬ್ಬಿ ಕುಣಿಗಲುಗಳ ಸೀಮೆಗೆ ಈ ನುಡಿಯು ಹೊರಗಿನದಲ್ಲ. ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗರು ವಚನಗಳನ್ನು ಬರೆದು ಆ ಪರಂಪರೆಯನ್ನು ಮತ್ತೆ ಬೆಳಗಿಸಿದವರು. ಉಪನಿಷತ್ತಿನ ಭಾಷಾಂತರಕಾರನು ಈ ಭಂಡಾರವನ್ನು ತೆರೆಯದಿರುವುದು ಸೋಮಾರಿತನವೇ ಸರಿ. ಅನುಮಾನವೆಂಬಲ್ಲಿ ಗುರುತಿನಿಂದ ತಿಳಿಯುವುದು ಎಂದೂ, ಅವಸ್ಥೆಯೆಂಬಲ್ಲಿ ಇರವು ಎಂದೂ, ಸಂಸಾರವೆಂಬಲ್ಲಿ ಹುಟ್ಟುಸಾವುಗಳ ಸುಳಿ ಎಂದೂ ಬರೆದರೆ ಗ್ರಂಥದ ಗೌರವಕ್ಕೇನೂ ಕುಂದಿಲ್ಲ. ಆದರೆ ಎಲ್ಲ ಕಡೆಯಲ್ಲಿಯೂ ಇದು ನಡೆಯದು. ಬಯಲೆಂಬ ಮಾತಿಗೆ ಶರಣರ ಸಿದ್ಧಾಂತವೇ ಅಂಟಿಕೊಂಡಿದೆ. ಬ್ರಹ್ಮವೆಂಬಲ್ಲಿ ಬಯಲೆಂದರೆ ಒಂದು ದರ್ಶನದ ಮನೆಗೆ ಇನ್ನೊಂದರ ಬೀಗವನ್ನು ಹಾಕಿದಂತಾಗುವುದು. ಅಚ್ಚಗನ್ನಡವೂ ನಿರ್ಲಿಪ್ತವಲ್ಲ.

ಪ್ರಸಾದಶಬ್ದವು ಈ ವಿಷಯವನ್ನು ಇನ್ನೂ ಜಟಿಲಗೊಳಿಸುವುದು. ಎರಡನೆಯ ಅಧ್ಯಾಯದ 64, 65ನೆಯ ಶ್ಲೋಕಗಳಲ್ಲಿ ಪ್ರಸಾದದಿಂದ ದುಃಖಗಳು ತೊಲಗುವುವೆಂದಿದೆ. ಶಂಕರರು ಅಲ್ಲಿ ಪ್ರಸನ್ನತೆ, ಸ್ವಾಸ್ಥ್ಯ ಎಂದು ಅರ್ಥಮಾಡಿರುವರು. ಕದಡದ ನೀರಿನಂತೆ ಮನಸ್ಸು ತಿಳಿಯಾಗುವುದು ಎಂದು ನಾವು ಬಿಡಿಸಿ ಹೇಳಬಹುದು. ಕನ್ನಡದ ಓದುಗನ ಕಣ್ಣಿಗೆ ಕಾಣುವುದು ಗುಡಿಯಲ್ಲಿ ಕೈಗೆ ಹಾಕಿದ ಕೋಸಂಬರಿ. ಇದು ತಪ್ಪೇ. ಆದರೆ ಗುಬ್ಬಿಯ ಗೋಷ್ಠಿಯಲ್ಲಿ ವೀರಶೈವಸಂಪ್ರದಾಯದ ಹಿರಿಯರೊಬ್ಬರು, ಪ್ರಸಾದವೆಂಬುದು ಅಷ್ಟಾವರಣಗಳಲ್ಲೊಂದು, ಪ್ರಸಾದಿಯೆಂಬುದು ಷಟ್‌ಸ್ಥಲಗಳಲ್ಲೊಂದು, ಬಂದುದನ್ನೆಲ್ಲ ಅರ್ಪಿಸಿ ಕೊಂಡವನಿಗೆ ಮನಸ್ಸು ಕದಡುವುದೆಲ್ಲಿ ಎಂದರು. ನಾನು ನಿರುತ್ತರನಾದೆನು. ಅವರು ಶಬ್ದಾರ್ಥದಲ್ಲಿ ಬೇರೆಡೆಯಿಂದ ಹೊರಟರು. ಬಂದು ಸೇರಿದುದು ಶಂಕರರ ಅರ್ಥದ ಬಾಗಿಲಿಗೇ.

ಇಲ್ಲಿ ವಿದ್ಯಾರಣ್ಯರ ಪಂಚದಶಿಯು ನೆನಪಿಗೆ ಬರುವುದು. ಅದರ ಒಂಬತ್ತನೆಯದಾದ ಧ್ಯಾನದೀಪಪ್ರಕರಣದಲ್ಲಿ ಭ್ರಮೆಯನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಬಾಗಿಲ ಸಂದಿಯಿಂದ ಹೊರಬಿದ್ದ ಬೆಳಕನ್ನು ದೂರದಿಂದ ಕಂಡು ಮಣಿಯೆಂದು ಇಬ್ಬರು ಓಡುವರು. ಒಂದೆಡೆ ಒಳಗಿರುವುದು ದೀಪ, ಇನ್ನೊಂದೆಡೆ ನಿಜವಾಗಿ ಮಣಿಯೇ. ಬೆಳಕನ್ನೇ ಮಣಿಯೆಂದುದು ಇಬ್ಬರಿಗೂ ಭ್ರಮೆಯೇ. ಆದರೆ ದೀಪದ ಬೆಳಕಿನ ಹಿಂದೆ ಓಡಿದವನು ಬರಿಗೈಯಾಗುವನು, ಮಣಿಯ ಬೆಳಕಿನ ಹಿಂದೆ ಓಡಿದವನಿಗೆ ಮಣಿಯು ದೊರೆಯುವುದು. ಎರಡನೆಯದಕ್ಕೆ ಸಂವಾದಿಭ್ರಮವೆಂದು ಹೆಸರು. ಭಾಷಾಂತರವನ್ನು ಓದುವವನ ತಪ್ಪುಗಳನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನು ಕಾಣೆನು. ಸಂಸಾರವೆಂದರೆ ಹೆಂಡತಿ ಮಕ್ಕಳೆಂದು ತಿಳಿದವನು ದೀಪದ ಹಿಂದೆ ಓಡಿದನು. ಪ್ರಸಾದವನ್ನು ಷಟ್‌ಸ್ಥಲದ ಅರ್ಥದಲ್ಲಿ ತಿಳಿದವರಿಗೆ ಮಣಿಯು ಸಿಕ್ಕಿತು. ಗೌಡರ ವ್ಯವಸಾಯವೋ? ಎರಡು ಬಾವಿ ಬತ್ತಿದ ಮೇಲೂ ಮೂರನೆಯ ಸಲ ಸಸಿ ನೆಡಲು ಹೊರಟ ಮನುಷ್ಯನಲ್ಲಿರುವುದು ಬಿಡದ ಪ್ರಯತ್ನವಲ್ಲದೆ ಮತ್ತೇನು? ಶಬ್ದವನ್ನು ಅವರು ತಪ್ಪಾಗಿ ತಿಳಿದರು. ಆ ಶಬ್ದವು ಹೇಳುವ ವಸ್ತುವು ಅವರ ಕೈಯಲ್ಲಿಯೇ ಇತ್ತು. ನಾನು ಅದನ್ನು ಹೇಳದೆ, ಬೇಸಾಯವಲ್ಲವೆಂದಷ್ಟೇ ಹೇಳಿ ಸುಮ್ಮನಾದುದು ಅರ್ಧ ವ್ಯಾಖ್ಯಾನ.

ಮುಂದಿನ ವಾರಗಳಲ್ಲಿ ಅವರು ಬರುವರೋ ಇಲ್ಲವೋ ಎಂದು ನನಗೆ ಆತಂಕವಿತ್ತು. ಬಂದರು. ಹದಿಮೂರನೆಯ ಅಧ್ಯಾಯಕ್ಕೆ ಓದು ಬಂದಾಗ ಕ್ಷೇತ್ರಶಬ್ದವು ಎದುರಾಯಿತು. ಈ ಸಲ ನಾನು ಓದುವವರನ್ನು ಮೊದಲೇ ತಡೆದೆನು. ಕ್ಷೇತ್ರವೆಂದೊಡನೆ ನಮಗೆ ನೆನಪಾಗುವುದು ಯಾತ್ರೆಯ ಸ್ಥಳ; ಇಲ್ಲಿ ಹಾಗಲ್ಲ, ಈ ಶರೀರವೇ ಕ್ಷೇತ್ರವೆಂದು ಗೀತೆಯೇ ಹೇಳುವುದು; ಆ ಮಾತಿಗೆ ಸಂಸ್ಕೃತದಲ್ಲಿ ಮೊದಲಿನಿಂದ ಇದ್ದ ಅರ್ಥ ಹೊಲ ಎಂದೆನು. ಶಂಕರರು ಈ ಶಬ್ದಕ್ಕೆ ಹಲವು ನಿರ್ವಚನಗಳನ್ನು ಕೊಟ್ಟು, ಕೊನೆಯಲ್ಲಿ ಹೊಲದಂತೆ ಇದರಲ್ಲಿಯೂ ಕರ್ಮಫಲವು ಬೆಳೆಯುವುದೆಂದು ಹೇಳಿರುವರು. ಅದನ್ನು ಓದಿ ತೋರಿಸಬೇಕೆಂದು ಭಾಷ್ಯದ ಪುಸ್ತಕವನ್ನು ಚೀಲದಿಂದ ತೆಗೆಯುತ್ತಿದ್ದೆನು. ಅಷ್ಟರಲ್ಲಿ ಗೌಡರು ಪಕ್ಕದವರ ಕಡೆಗೆ ತಿರುಗಿ, "ಹಂಗಾದ್ರೆ ಈ ಮೈನೂ ಹೊಲವೇ ಅನ್ನಿ, ಏನ್ ಬಿತ್ತಿದೆವೋ ಅದೇ ಬರೋದು" ಎಂದರು. ಪುಸ್ತಕವನ್ನು ತೆರೆಯದೆ ಮುಂದಿನ ಶ್ಲೋಕವನ್ನು ಓದಿರೆಂದು ಹೇಳಿದೆನು.